ಬಿಳಿ ಮೇಲೆ, ಕೆಂಪು ಕೆಳಗೆ: ಫ್ರಾನ್ಸಿನ ಹಳ್ಳಿದಾರಿ ಹಿಡಿಯುವ ಬಗೆ

ದಕ್ಷಿಣ ಫ್ರಾನ್ಸಿನ ಲ ಪ್ಯುಯಿ ಪಟ್ಟಣದಿಂದ ಕೋಂಕ್ ಎಂಬ ಹಳ್ಳಿಗೆ ಕಾಲುದಾರಿಯಲ್ಲಿ ಸುಮಾರು 205 ಕಿಲೋಮೀಟರ್. ಇದನ್ನು ನಾನು ಎರಡು ಸಲ ನಡೆದಿದ್ದೇನೆ. ಎರಡು ಸಲವೂ ಜೊತೆಗಿದ್ದವರು ಮೊದಲ ಒಂದು ಗಂಟೆಯೊಳಗೇ ದಾರಿ ತಪ್ಪಿದರು. ಎರಡನೆಯ ಸಲ ತಪ್ಪಿದವರು ನಮ್ಮ ಭಾವ. ಕುದುರೆಮುಖ, ಕುಮಾರಪರ್ವತವನ್ನೆಲ್ಲ ಹತ್ತಿಳಿದ ಆಸಾಮಿ. ಕಾಡಿನಲ್ಲಿ ಎಂದೂ ದಾರಿ ತಪ್ಪದವರು, ಬೀದಿದೀಪಗಳಿರುವ ಪೇಟೆಯೊಳಗೆ ತಪ್ಪಿದರು. ಆದ್ದರಿಂದ ಈ ಲೇಖನದ ಬಹುಪಾಲು ಗುರುತು ಓದುವುದಕ್ಕೇ ಮೀಸಲು. ಉಳಿದದ್ದು ಸುಲಭ.

ದಾರಿಯ ಹೆಸರು ಜಿ.ಆರ್. 65. ಜಿ.ಆರ್. ಎಂದರೆ ‘ಗ್ರಾಂದ್ ರಾಂದೊನೆ’, ದೂರದ ಕಾಲುದಾರಿ. ಹತ್ತನೆಯ ಶತಮಾನದಲ್ಲಿ, 950ರ ಸುಮಾರಿಗೆ, ಲ ಪ್ಯುಯಿಯ ಬಿಷಪ್ ಗೊಡೆಸ್ಕಾಲ್ಕ್ ಇಲ್ಲಿಂದ ಸ್ಪೇನಿನ ಸಾಂತಿಯಾಗೊಗೆ ಯಾತ್ರೆ ಹೊರಟಿದ್ದ. ಆ ಯಾತ್ರಾಮಾರ್ಗದ ಜಾಡಿನಲ್ಲೇ ಇಂದಿನ ಕಾಲುದಾರಿ ಸಾಗುತ್ತದೆ. ಸ್ಪೇನಿನ ಗಡಿಯವರೆಗೆ ಹೋಗಲು ಒಂದು ತಿಂಗಳಿಗೂ ಹೆಚ್ಚು ಬೇಕು. ರಜೆ ಎಣಿಸಿ ಹೊರಡುವ ನಮ್ಮಂಥವರಿಗೆ ಕೋಂಕ್‌ವರೆಗಿನ ಹತ್ತು ದಿನ ಸಾಕು.

ಮೊದಲು ಕಾಗದಪತ್ರ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಬೇಕು, ತಂಗುವ ಜಾಗಗಳ ದಾಖಲೆ ಬೇಕು. ತಿಂಗಳು ಆರಿಸುವಾಗ ಮೇ ಕೊನೆಯನ್ನು ಬಿಡಿ. ದಾರಿಯಲ್ಲಿ ಸಿಗುವ ಓಬ್ರಾಕ್ ಪ್ರಸ್ಥಭೂಮಿಗೆ ದನಗಳನ್ನು ಹೂವು, ಗಂಟೆ ಕಟ್ಟಿ ಹತ್ತಿಸುವ ಹಬ್ಬ 25ರ ಆಸುಪಾಸಿನಲ್ಲಿ ಬರುತ್ತದೆ, ಹಾಸಿಗೆ ಸಿಗುವುದಿಲ್ಲ. ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ನನ್ನನ್ನು ಕೇಳಿದರೆ ಸೆಪ್ಟೆಂಬರ್.

ಚೀಲ ಏಳು ಕಿಲೋ ಮೀರಬಾರದು, ನೀರೂ ಸೇರಿ. ಹೊಸ ಬೂಟು ಹೊರಡುವ ವಾರ ಕೊಳ್ಳಬೇಡಿ. ಬೊಬ್ಬೆ ಬಂದವರಲ್ಲಿ ಹೆಚ್ಚಿನವರ ಕಾಲಲ್ಲಿ ನಾನು ಕಂಡದ್ದು ಹೊಳೆಯುವ ಹೊಸ ಬೂಟುಗಳನ್ನೇ. ಕೋಲು ಕೊಳ್ಳುವಾಗ ತಿರುಚಿ ಬಿಗಿ ಮಾಡುವ ಅಗ್ಗದ ಮಾದರಿಯ ಹತ್ತಿರ ಸುಳಿಯಬೇಡಿ. ಕಡಿದಾದ ಇಳಿಜಾರಿನಲ್ಲಿ ಭಾರ ಹಾಕಿದ ಕ್ಷಣವೇ ಅದು ಛತ್ರಿಯಂತೆ ಒಳಗೆ ಸರಿದುಬಿಡುತ್ತದೆ. ಕ್ಲಿಪ್ ಒತ್ತಿ ಬಿಗಿಯುವುದನ್ನೇ ಕೊಳ್ಳಿ. ಊರಿಂದೂರಿಗೆ ಚೀಲ ಸಾಗಿಸುವ ವ್ಯಾನುಗಳಿವೆ. ಮೊಣಕಾಲು ನೋವಿದ್ದವರು ಸಂಕೋಚಪಡದೆ ಬಳಸಿ.

ಈಗ ಗುರುತಿನ ವಿಷಯ. ಮರ, ಬಂಡೆ, ಕಂಬಗಳ ಮೇಲೆ ಎರಡು ಅಡ್ಡಪಟ್ಟೆಗಳಿರುತ್ತವೆ, ಮೇಲೆ ಬಿಳಿ, ಕೆಳಗೆ ಕೆಂಪು. ಅದು ಕಂಡರೆ ನೇರ ನಡೆಯಿರಿ. ಪಟ್ಟೆಗಳ ಕೆಳಗೆ ಬಾಗಿದ ಬಾಣವಿದ್ದರೆ ಅತ್ತ ತಿರುಗಿ. ಬಿಳಿಯದೊಂದು, ಕೆಂಪಿನದೊಂದು ಗೆರೆ ಕತ್ತರಿಯಂತೆ ಒಂದನ್ನೊಂದು ದಾಟಿದ್ದರೆ ಅದು ನಿಮ್ಮ ದಾರಿಯಲ್ಲ. ಹಳದಿ ಪಟ್ಟೆ ಊರ ಸುತ್ತಿನ ಸಣ್ಣ ದಾರಿಯದು. ಅದರ ಹಿಂದೆ ಹೋದರೆ ಎರಡು ಗಂಟೆ ಸುತ್ತಿ ಹೊರಟಲ್ಲಿಗೇ ಬರುತ್ತೀರಿ. ಇಷ್ಟನ್ನು ಎಲ್ಲರೂ ಓದಿಕೊಂಡೇ ಬರುತ್ತಾರೆ. ಆದರೂ ತಪ್ಪುತ್ತಾರೆ, ಏಕೆಂದರೆ ಆ ಬಿಳಿ-ಕೆಂಪು ಪಟ್ಟೆ ಈ ಒಂದು ದಾರಿಯ ಸ್ವತ್ತಲ್ಲ. ಫ್ರಾನ್ಸಿನ ಎಲ್ಲ ಜಿ.ಆರ್. ದಾರಿಗಳಿಗೂ ಅದೇ ಬಣ್ಣ. ಲ ಪ್ಯುಯಿ ಊರಿಗೆ 65 ಮಾತ್ರವಲ್ಲ, 3, 40, 70, 430 ಎಲ್ಲವೂ ಬಂದು ಸೇರುತ್ತವೆ. ಭಾವ ಹಿಡಿದದ್ದು 430ನ್ನು. ಪಟ್ಟೆಗಳು ಒಂದರ ಹಿಂದೊಂದು ಚೆನ್ನಾಗಿಯೇ ಸಿಕ್ಕವು, ನಲವತ್ತು ನಿಮಿಷ ಉತ್ಸಾಹದಿಂದ ನಡೆದರು. ಆಮೇಲೆ ಒಂದು ಕವಲಿನ ಕಂಬದ ಮೇಲೆ ಸಂಖ್ಯೆ ಓದಿ, ಬೆವರು ಒರೆಸಿಕೊಂಡು ವಾಪಸು ಬಂದರು.

ಹಾಗಾಗಿ ಊರೊಳಗೆ ಬಣ್ಣ ನೋಡುವ ಮೊದಲು ಸಂಖ್ಯೆ ಹುಡುಕಿ. ಲ ಪ್ಯುಯಿಯಲ್ಲಿ ಬಾಯಿಪಾಠ ಮಾಡಿಕೊಳ್ಳಬೇಕಾದದ್ದು ಇಷ್ಟು: ಕೆಥೆಡ್ರಲ್‌ನ ಮೆಟ್ಟಿಲಿಳಿದು ಪ್ಲಾಸ್ ದ್ಯು ಪ್ಲೊ ಚೌಕ, ಅಲ್ಲಿಂದ ಸ್ಯಾಂ ಜಾಕ್ ಬೀದಿ, ನಂತರ ಕಾಪ್ಯುಸ್ಯಾಂ ಬೀದಿ, ಆಮೇಲೆ ಕಾಂಪೊಸ್ಟೆಲ್ ಬೀದಿಯ ಏರು. ಏರು ಮುಗಿದು ಬಯಲು ಕಂಡರೆ ಸರಿಯಾಗಿದ್ದೀರಿ.

ಹಳೆಯ ಹಳ್ಳಿಗಳಲ್ಲಿ ಇನ್ನೊಂದು ತೊಡಕು. ನೂರಾರು ವರ್ಷದ ಕಲ್ಲುಗೋಡೆಯ ಮೇಲೆ ದೊಡ್ಡದಾಗಿ ಬಣ್ಣ ಬಳಿದರೆ ಯಾರು ಸುಮ್ಮನಿರುತ್ತಾರೆ? ಗುರುತು ಅಲ್ಲಿ ಬೆರಳುದ್ದದ ಸ್ಟಿಕ್ಕರಾಗಿ, ಮಳೆನೀರಿನ ಕೊಳವೆಯ ಮೇಲೋ ದೀಪದ ಕಂಬದ ಹಿಂಬದಿಯಲ್ಲೋ ಅಂಟಿರುತ್ತದೆ. ಚರ್ಚಿನ ಗೋಪುರ ನೋಡುತ್ತ ನಡೆದರೆ ಅದು ಕಣ್ಣಿಗೆ ಬೀಳುವುದಿಲ್ಲ. ನಾನು ಪಾಲಿಸುವ ಕ್ರಮ ಹೀಗಿದೆ. ಪ್ರತಿ ಕವಲಿನಲ್ಲಿ ನಿಲ್ಲಬೇಕು. ಒಂದು ದಾರಿಯಲ್ಲಿ ಮುನ್ನೂರು ಹೆಜ್ಜೆ ಹೋಗಿ, ಪಟ್ಟೆ ಕಾಣದಿದ್ದರೆ ಹಿಂದಿರುಗಿ ಕೊನೆಯ ಪಟ್ಟೆಯವರೆಗೆ ಬರಬೇಕು. ಮುಂದೆ ಸಿಕ್ಕೀತು ಎಂದು ಇನ್ನೊಂದು ಮುನ್ನೂರು ಹೆಜ್ಜೆ ಕೂಡಿಸಬಾರದು. ಅನುಮಾನ ಬಂದಾಗ ತಿರುಗಿ ಬೆನ್ನ ಹಿಂದೆ ನೋಡಿ. ಎದುರಿನಿಂದ ಬರುವವರಿಗಾಗಿ ಮರದ ಆ ಬದಿಗೂ ಪಟ್ಟೆ ಬಳಿದಿರುತ್ತಾರೆ. ಅದು ಕಂಡರೆ ನೀವು ದಾರಿಯ ಮೇಲೇ ಇದ್ದೀರಿ. ನೀಲಿ ಫಲಕದ ಹಳದಿ ಚಿಪ್ಪನ್ನು ಬಾಣವೆಂದು ನಂಬಬೇಡಿ. ಅದು ಯಾತ್ರಾಮಾರ್ಗ ಎನ್ನುವುದಷ್ಟೇ ಅದರ ಅರ್ಥ. ಮೊಬೈಲ್ ನಕ್ಷೆಯನ್ನು ಇಟ್ಟುಕೊಳ್ಳಿ, ಆದರೆ ಕೈಯಲ್ಲಿ ಹಿಡಿದು ನಡೆಯಬೇಡಿ. ಸಾಮಾನ್ಯ ನಕ್ಷೆಯ ಆ್ಯಪ್‌ಗೆ ಹತ್ತಿರದ ದಾರಿ ಕೇಳಿದರೆ ಅದು ಲಾರಿ ಓಡಾಡುವ ಡಾಂಬರು ರಸ್ತೆಗೆ ತಳ್ಳುತ್ತದೆ.

ಎರಡನೆಯ ದಿನ ರೋಶ್‌ಗ್ಯೂಡ್‌ನ ಬಂಡೆಯ ಮೇಲಿನ ಪುಟ್ಟ ಚಾಪೆಲ್‌ನಿಂದ ಅಲಿಯೆ ನದಿಯ ಕಣಿವೆಗೆ ಇಳಿಯಬೇಕು. ಬೇರು, ಕಲ್ಲು, ಪೈನ್ ಮರದ ಸೂಜಿಯೆಲೆ. ಒದ್ದೆಯಾದರೆ ಪಾಚಿಗಟ್ಟಿದ ಬಾವಿಕಟ್ಟೆಯಷ್ಟೇ ಜಾರು. ಸಣ್ಣ ಹೆಜ್ಜೆ ಹಾಕಿ, ಕೋಲನ್ನು ಸ್ವಲ್ಪ ಉದ್ದ ಮಾಡಿಕೊಳ್ಳಿ. ಕೆಳಗಿನ ಮೊನಿಸ್ಟ್ರೋಲ್‌ನಲ್ಲಿ ಸೇತುವೆ ದಾಟಿದ್ದೇ ತಡ ಮತ್ತೆ ಏರು ಶುರು. ತಿನ್ನುವುದನ್ನು ಸೇತುವೆಯ ಬಳಿಯೇ ಮುಗಿಸಿಕೊಳ್ಳಿ. ಮುಂದಿನ ಸೋಗ್ ಊರು 1764ರಿಂದ 1767ರವರೆಗೆ ಜನರನ್ನು ಕೊಂದ ಜೆವೊದಾಂ ಮೃಗದ ಕತೆ ಹೇಳಿ ಬದುಕುತ್ತಿದೆ. ಸಂಜೆಗೆ ಒಳ್ಳೆಯ ಕಾಲಕ್ಷೇಪ.

ರಾತ್ರಿ ತಂಗುವ ಮನೆಗಳಿಗೆ ಜೀತ್ ಎನ್ನುತ್ತಾರೆ. ನಮ್ಮಲ್ಲಿ ಆ ಪದದ ಕೊನೆಗೆ ಒಂದು ‘ಅ’ ಸೇರಿದರೆ ಏನಾಗುತ್ತದೆಂದು ಭಾವ ಹತ್ತು ದಿನವೂ ನಗುತ್ತಿದ್ದರು. ಬೂಟು ಬಾಗಿಲಲ್ಲೇ ಬಿಡಬೇಕು, ಚೀಲವನ್ನು ಹಾಸಿಗೆಯ ಮೇಲೆ ಇಡಬಾರದು, ಏಕೆಂದರೆ ತಿಗಣೆಯ ಭಯ. ಊಟ ಸಂಜೆ ಏಳರ ಹೊತ್ತಿಗೆ, ಎಲ್ಲರೂ ಒಂದೇ ಮೇಜಿನಲ್ಲಿ.

ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ಹೇಳಬೇಕು, ಊಟಕ್ಕೆ ಕೂತ ಮೇಲಲ್ಲ. ‘ವೆಜಿಟೇರಿಯನ್’ ಎಂದರೆ ಕೆಲವರು ಮೀನು ತಂದಿಡುತ್ತಾರೆ. ‘ಸಾಂ ವಿಯಾಂದ್, ಸಾಂ ಪ್ವಾಸೋಂ’ ಎನ್ನಿ: ಮಾಂಸ ಬೇಡ, ಮೀನು ಬೇಡ. ಲ ಪ್ಯುಯಿಯ ಹಸಿರು ಮಸೂರ ಹೆಸರುವಾಸಿ, ಆದರೆ ಅದರಲ್ಲಿ ಹಂದಿಮಾಂಸದ ಚೂರು ಬೆರೆತಿರುವುದುಂಟು. ಓಬ್ರಾಕ್‌ನ ಅಲಿಗೊ ಮಾತ್ರ ಬಿಡಬೇಡಿ. ಅರೆದ ಬೇಯಿಸಿದ ಆಲೂಗಡ್ಡೆಗೆ ಬೆಳ್ಳುಳ್ಳಿ ಮತ್ತು ತಾಜಾ ಚೀಸ್ ಹಾಕಿ ತಿರುವುತ್ತಾರೆ. ಸೌಟು ಎತ್ತಿದರೆ ಮೊಳದುದ್ದ ಎಳೆ ಬರುತ್ತದೆ. ಜೊತೆಗೆ ಬರುವ ಸಾಸೇಜ್ ಬೇಡ ಎಂದರೆ ಸಾಕು. ಚೀಸ್ ಹೆಪ್ಪಿಗೆ ಕರುವಿನ ಹೊಟ್ಟೆಯ ರೆನೆಟ್ ಬಳಸುವುದುಂಟು, ಕಟ್ಟುನಿಟ್ಟಿನವರು ಕೇಳಿಕೊಳ್ಳಿ. ಊರಿನಿಂದ ಒಯ್ಯಬೇಕಾದದ್ದು ಕಾಲು ಕಿಲೋ ಚಟ್ನಿಪುಡಿ ಒಂದೇ. ಉಪ್ಪಿಟ್ಟಿನ ಪೊಟ್ಟಣಗಳನ್ನು ಹೊತ್ತವರು ಮೂರನೆಯ ದಿನ ಹಂಚುತ್ತ ನಡೆದರು. ಭಾನುವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಎಷ್ಟೋ ಹಳ್ಳಿಗಳಲ್ಲಿ ಅಂಗಡಿ ಮುಚ್ಚಿರುತ್ತದೆ. ಶನಿವಾರವೇ ಬ್ರೆಡ್, ಹಣ್ಣು ಕೊಂಡಿಡಿ. ನೀರು ಮುಗಿದರೆ ಸ್ಮಶಾನದ ನಲ್ಲಿ ನೋಡಿ. ‘ನೋಂ ಪೊತಾಬ್ಲ್’ ಎಂದು ಬರೆದಿದ್ದರೆ ಕುಡಿಯಬೇಡಿ.

ಓಬ್ರಾಕ್‌ನಲ್ಲಿ ಮರವಿಲ್ಲ, ಕಲ್ಲಿನ ಬೇಲಿಯಿದೆ, ಕಾಡಿಗೆ ಹಚ್ಚಿದಂಥ ಕಣ್ಣಿನ ಕಂದು ದನಗಳಿವೆ. ತೆಗೆದ ಗೇಟನ್ನು ಮುಚ್ಚಿ, ತಾಯಿ-ಕರುವಿನ ನಡುವೆ ಹೋಗಬೇಡಿ. ಆಮೇಲೆ ಎಸ್ಪಾಲಿಯೋಂ, ಎಸ್ತಾಂ ಊರುಗಳು. ಇಲ್ಲಿ ದಾರಿ ಲೊತ್ ನದಿಯ ಕಣಿವೆಯದು, ಹೆಚ್ಚು ಹೇಳಬೇಕಾದ್ದಿಲ್ಲ.

ಕೋಂಕ್‌ಗೆ ಕಡಿದಾದ ಇಳಿಜಾರಿನಲ್ಲಿ ಬಂದು ಸೇರುತ್ತೀರಿ. ಸಂಜೆ ಬಸ್ಸಿನ ಪ್ರವಾಸಿಗರು ಹೋದ ಮೇಲೆ ಚರ್ಚಿನ ಬಾಗಿಲ ಮುಂದೆ ನಿಲ್ಲಿ. ಹನ್ನೆರಡನೆಯ ಶತಮಾನದ ಕೆತ್ತನೆಯಲ್ಲಿ ಸ್ವರ್ಗ, ನರಕ ಎರಡೂ ಇವೆ. ಎಲ್ಲರೂ ನರಕ ನೋಡಿ ಹೋಗುತ್ತಾರೆ. ನೀವು ಕಮಾನಿನ ಹೊರ ಅಂಚನ್ನು ನೋಡಿ: ಕಲ್ಲಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿನವರೆಗೆ ಮಾತ್ರ ತಲೆ ಎತ್ತಿ, ಒಳಗೇನಾಗುತ್ತಿದೆ ಎಂದು ಇಣುಕುವ ಪುಟ್ಟ ಮುಖಗಳು ಸಾಲಾಗಿವೆ. ಅವು ಎಷ್ಟಿವೆ ಎಂದು ಎಣಿಸುವ ಮೊದಲು ಒಂದು ಕೆಲಸ ಮುಗಿಸಿಕೊಳ್ಳಿ: ಕೋಂಕ್‌ನಲ್ಲಿ ರೈಲು ನಿಲ್ದಾಣವಿಲ್ಲ, ಬೆಳಿಗ್ಗೆ ರೊಡೆಜ್‌ವರೆಗೆ ಹೋಗಲು ಟ್ಯಾಕ್ಸಿಗೆ ಹಿಂದಿನ ಸಂಜೆಯೇ ಹೇಳಿಡಿ.