ಜಗಳದ ನಡುವೆ ಇಪ್ಪತ್ತು ನಿಮಿಷ

ಗಂಡ ಹೆಂಡಿರ ಮಾತು ಕಾವೇರಿದಾಗ ಮೊದಲು ನೋಡಬೇಕಾದದ್ದು ಯಾರು ಸರಿ ಎಂಬುದನ್ನಲ್ಲ, ನಾಡಿಯನ್ನು. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ, 4ರಿಂದ ಗುಣಿಸಿ. ನಿಮಿಷಕ್ಕೆ 100 ದಾಟಿದ್ದರೆ ಮಾತು ನಿಲ್ಲಿಸಿ. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೇಳುವ ಗಡಿ ಇದು. ಆ ಸ್ಥಿತಿಯಲ್ಲಿ ಎದುರಿನವರ ಮಾತು ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ.

ಆದರೆ ಬಾಗಿಲು ಬಡಿದು ಹೊರಟರೆ ಅದು ವಿರಾಮವಲ್ಲ, ಶಿಕ್ಷೆ. "ನನಗೀಗ ತಲೆ ಕೆಟ್ಟಿದೆ, ಅರ್ಧ ಗಂಟೆ ಬಿಟ್ಟು ಮಾತಾಡೋಣ" ಎಂದು ಸಮಯ ಹೇಳಿಯೇ ಏಳಿ. ದೇಹ ತಣಿಯಲು ಕನಿಷ್ಠ 20 ನಿಮಿಷ ಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಬೇರೆ ಕೋಣೆಯಲ್ಲಿ ಕೂತು ಉತ್ತರ ಹೊಸೆಯುತ್ತಾರೆ, ತವರಿಗೆ ಫೋನ್ ಮಾಡುತ್ತಾರೆ, ನಾಡಿ ಇಳಿಯುವುದೇ ಇಲ್ಲ. ಬಟ್ಟೆ ಮಡಿಸಿ, ಗಿಡಕ್ಕೆ ನೀರು ಹಾಕಿ. ಉಸಿರನ್ನು ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ.

ಹೇಳಿದ ಹೊತ್ತಿಗೆ ನೀವೇ ಮರಳಿ ಹೋಗಿ. "ನೀನು ಯಾವಾಗಲೂ ಹೀಗೇ" ಎಂದು ತೊಡಗಬೇಡಿ. "ನಿನ್ನೆ ತಡವಾದಾಗ ನನಗೆ ಭಯವಾಯಿತು" ಎನ್ನಿ.

ಹೊಡೆತ, ಬೆದರಿಕೆ ಇರುವಲ್ಲಿ ಇದು ಸಲ್ಲದು. ಅಲ್ಲಿ ಮೊದಲು ಸುರಕ್ಷತೆ: ಮಹಿಳಾ ಸಹಾಯವಾಣಿ 181. ಮನಸ್ಸಿನ ಭಾರ ದಿನಗಟ್ಟಲೆ ಇಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.