ಬಜೆಟ್ ಬಂದಾಗ ಮುಂಬಯಿಯ ಹೊಟೇಲು ಮಾಲಕರು ಮಾಡಬೇಕಾದ ಲೆಕ್ಕ

ಕೇಂದ್ರ ಬಜೆಟ್ ಮಂಡನೆಯಾದ ದಿನ ಮುಂಬಯಿಯ ನಮ್ಮ ಹೊಟೇಲು ಮಾಲಕರು ಮೊದಲು ಕೇಳುವ ಪ್ರಶ್ನೆ, ಊಟ-ತಿಂಡಿಯ ಮೇಲಿನ ತೆರಿಗೆ ಏರಿತೇ ಇಳಿಯಿತೇ ಎಂಬುದು. ಇದಕ್ಕೆ ಬಜೆಟ್ ಭಾಷಣದಲ್ಲಿ ಉತ್ತರ ಹುಡುಕಿ ಪ್ರಯೋಜನವಿಲ್ಲ. ಜಿಎಸ್‌ಟಿ ದರಗಳು ನಿಗದಿಯಾಗುವುದು ಕೇಂದ್ರ ಮತ್ತು ರಾಜ್ಯಗಳ ಸಚಿವರಿರುವ ಜಿಎಸ್‌ಟಿ ಮಂಡಳಿಯ ಶಿಫಾರಸಿನ ಮೇಲೆ. ಆ ಸಭೆ ವರ್ಷದ ಯಾವ ತಿಂಗಳಲ್ಲಾದರೂ ನಡೆಯಬಹುದು. ಕೇಂದ್ರ ಬಜೆಟ್ಟಿನಲ್ಲಿ ಗಮನಿಸಬೇಕಾದದ್ದು ಆದಾಯ ತೆರಿಗೆ, ಟಿಡಿಎಸ್ (ಹಣ ಕೊಡುವಾಗಲೇ ಮುರಿದು ಸರಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಮಿತಿಗಳು ಮತ್ತು ಆಮದು ಸುಂಕ. ಮದ್ಯದ ತೆರಿಗೆ ಮತ್ತು ಲೈಸನ್ಸು ರಾಜ್ಯದ ಕೈಯಲ್ಲಿದ್ದರೆ, ಆಸ್ತಿ ತೆರಿಗೆ ಮತ್ತು ಆರೋಗ್ಯ ಲೈಸನ್ಸಿನ ವಿಷಯ ಮಹಾನಗರ ಪಾಲಿಕೆಗೆ ಸೇರಿದ್ದು. ಯಾವ ಸುದ್ದಿ ಎಲ್ಲಿಂದ ಬರುತ್ತದೆ ಎಂಬುದು ಖಚಿತವಾದ ಮೇಲೆಯೇ ಲೆಕ್ಕಕ್ಕೆ ಕೂರಬೇಕು.

ಲೆಕ್ಕವನ್ನು ಗಿರಾಕಿಯ ಬಿಲ್ಲಿನಿಂದ ಆರಂಭಿಸುವ ಬದಲು ನಮ್ಮ ಖರ್ಚಿನ ಬಿಲ್ಲುಗಳಿಂದ ಆರಂಭಿಸುವುದು ಸರಿಯಾದ ಕ್ರಮ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ಎಸಿ ಇಲ್ಲದ ಹೊಟೇಲುಗಳಿಗೆ ಶೇ. 12, ಎಸಿ ಇದ್ದವಕ್ಕೆ ಶೇ. 18 ತೆರಿಗೆಯಿತ್ತು, ಆದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳಬಹುದಿತ್ತು. ಅದೇ ವರ್ಷದ ನವೆಂಬರ್ 15ರಿಂದ ಸಾಮಾನ್ಯ ಹೊಟೇಲುಗಳ ದರ ಶೇ. 5ಕ್ಕೆ ಇಳಿಯಿತು, ಜೊತೆಗೆ ಖರೀದಿಯ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಈ ಇನ್‌ಪುಟ್ ಕ್ರೆಡಿಟ್ ಕೂಡ ಹೋಯಿತು. ಗಿರಾಕಿಗೆ ಅದು ನಿಜವಾದ ಅನುಕೂಲ. ಆದರೆ ಅಂದಿನಿಂದ ಬಾಡಿಗೆ, 19 ಕಿಲೋ ಗ್ಯಾಸ್ ಸಿಲಿಂಡರ್, ಎಸಿ ರಿಪೇರಿ, ಲೆಕ್ಕಪರಿಶೋಧಕರ ಶುಲ್ಕ ಇವೆಲ್ಲದರ ಮೇಲಿನ ಶೇ. 18 ತೆರಿಗೆ ಮಾಲಕರ ಲಾಭದಿಂದಲೇ ಹೋಗುತ್ತಿದೆ. ಆದುದರಿಂದ ಕಳೆದ ತಿಂಗಳ ಎಲ್ಲ ಖರೀದಿ ಬಿಲ್ಲುಗಳನ್ನು ತೆಗೆದು, ತೆರಿಗೆಯ ಮೊತ್ತವನ್ನಷ್ಟೇ ಒಂದು ಹಾಳೆಯಲ್ಲಿ ಬರೆದು ಕೂಡಿಸಿರಿ. ಎಷ್ಟೋ ಮಾಲಕರಿಗೆ ಈ ಮೊತ್ತ ಗೊತ್ತೇ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಹೊಟೇಲಿನ ಲೆಕ್ಕದಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿಲ್ಲ.

ಈ ಹಾಳೆಯಲ್ಲಿ ಬಾಡಿಗೆಯ ಸಾಲು ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡದು. 2024ರ ಅಕ್ಟೋಬರ್ 10ರಿಂದ, ಜಾಗದ ಮಾಲಕರು ಜಿಎಸ್‌ಟಿಯಲ್ಲಿ ನೋಂದಾಯಿಸಿರದಿದ್ದರೂ, ನೋಂದಾಯಿತ ಹೊಟೇಲಿನವರು ವಾಣಿಜ್ಯ ಬಾಡಿಗೆಯ ಮೇಲೆ ಶೇ. 18 ತೆರಿಗೆಯನ್ನು ತಾವೇ ಕಟ್ಟಬೇಕು. 2025ರ ಜನವರಿ 16ರಿಂದ ಕಾಂಪೊಸಿಷನ್ ಸ್ಕೀಮಿನಲ್ಲಿರುವವರಿಗೆ (ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಸರಳ ಪದ್ಧತಿ) ಇದರಿಂದ ವಿನಾಯಿತಿ ದೊರೆತಿದೆ. ವರ್ಷದ ವಹಿವಾಟು 1.5 ಕೋಟಿ ರೂಪಾಯಿ ಮೀರದ, ಮದ್ಯ ಮಾರದ ಹೊಟೇಲುಗಳು ಈ ಸ್ಕೀಮಿಗೆ ಸೇರಬಹುದು. ಆಗಲೂ ದರ ಶೇ. 5, ಆದರೆ ಅದನ್ನು ಬಿಲ್ಲಿನಲ್ಲಿ ಬೇರೆಯಾಗಿ ವಸೂಲು ಮಾಡುವಂತಿಲ್ಲ.

ತಿಂಗಳಿಗೆ 10 ಲಕ್ಷ ರೂಪಾಯಿ ವ್ಯಾಪಾರವಿರುವ, ನೋಂದಣಿಯಿಲ್ಲದವರ ಜಾಗಕ್ಕೆ 1.5 ಲಕ್ಷ ಬಾಡಿಗೆ ಕೊಡುವ ಒಂದು ಉಪಾಹಾರ ಗೃಹವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಾಮಾನ್ಯ ಪದ್ಧತಿಯಲ್ಲಿ ಗಿರಾಕಿಯಿಂದ ಪಡೆದ 50,000 ರೂಪಾಯಿ ಸರಕಾರಕ್ಕೆ ಹೋಗುತ್ತದೆ, ಬಾಡಿಗೆಯ ಮೇಲಿನ 27,000 ರೂಪಾಯಿ ಮಾಲಕರ ಕೈಯಿಂದ ಹೋಗುತ್ತದೆ. ಕಾಂಪೊಸಿಷನ್‌ಗೆ ಬಂದು ತಿಂಡಿಗಳ ಬೆಲೆಯನ್ನೇ ಶೇ. 5 ಏರಿಸಿದರೆ ಗಿರಾಕಿ ಕೊಡುವ ಮೊತ್ತ ಬದಲಾಗದು, 10.5 ಲಕ್ಷದ ಮೇಲೆ ತೆರಿಗೆ 52,500 ಆಗುತ್ತದೆ. ಇಲ್ಲಿ 2,500 ಹೆಚ್ಚು ಹೋದರೂ ಬಾಡಿಗೆಯ 27,000 ಉಳಿಯುವುದರಿಂದ ತಿಂಗಳಿಗೆ 24,500 ರೂಪಾಯಿ ಕೈಯಲ್ಲಿ ನಿಲ್ಲುತ್ತದೆ. ಜಾಗದ ಮಾಲಕರು ನೋಂದಾಯಿತರಾಗಿದ್ದು ತಾವೇ ತೆರಿಗೆ ಸೇರಿಸಿ ಬಿಲ್ ಕೊಡುತ್ತಿದ್ದರೆ ಈ ಉಳಿತಾಯವಿಲ್ಲ. ಸ್ಕೀಮಿಗೆ ಸೇರುವ ತೀರ್ಮಾನವನ್ನು ಹೊಸ ಆರ್ಥಿಕ ವರ್ಷಕ್ಕೆ ಮೊದಲೇ, ಅಂದರೆ ಮಾರ್ಚ್ 31ರೊಳಗೆ ತಿಳಿಸಬೇಕು. ಕಂಡಕ್ಟಿಂಗ್ ಕರಾರಿನಲ್ಲಿ, ಅಂದರೆ ಬೇರೆಯವರ ಹೊಟೇಲನ್ನು ನಿಗದಿತ ಮೊತ್ತ ಕೊಟ್ಟು ನಡೆಸುವವರು, ಕೊಡುವ ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯೇ ಇಲ್ಲವೇ ಎಂಬುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಒಳ್ಳೆಯದು.

ಕ್ರೆಡಿಟ್ ಇಲ್ಲದಿರುವುದರಿಂದ ಇನ್ನೊಂದು ಪರಿಣಾಮವೂ ಇದೆ: ಸಾಮಗ್ರಿಗಳ ತೆರಿಗೆ ಇಳಿದಾಗ ಅದರ ಲಾಭ ನೇರವಾಗಿ ಅಡುಗೆಮನೆಗೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆ, ತುಪ್ಪ, ಚೀಸ್‌ಗಳ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು. ಪ್ಯಾಕೆಟ್ ಪನೀರಿನ ಶೇ. 5 ಪೂರ್ತಿಯಾಗಿ ಹೋಯಿತು. ಎಸಿ ಮತ್ತು ಪಾತ್ರೆ ತೊಳೆಯುವ ಯಂತ್ರಗಳದ್ದು ಶೇ. 28ರಿಂದ 18ಕ್ಕೆ ಬಂತು. ಇಂಥ ಬದಲಾವಣೆಯಾದ ವಾರವೇ ಪೂರೈಕೆದಾರರ ಹಳೆಯ ಮತ್ತು ಹೊಸ ಬಿಲ್ಲುಗಳನ್ನು ಹೋಲಿಸಿ ನೋಡಿ, ಮೂಲ ಬೆಲೆಯನ್ನು ಏರಿಸಿ ತೆರಿಗೆಯ ಇಳಿಕೆಯನ್ನು ಅವರೇ ಇಟ್ಟುಕೊಂಡಿದ್ದರೆ ಕೇಳಬೇಕು. ಅದೇ ದಿನದಿಂದ ದಿನಕ್ಕೆ 7,500 ರೂಪಾಯಿವರೆಗಿನ ಲಾಡ್ಜ್ ಕೊಠಡಿಗಳಿಗೂ ಕ್ರೆಡಿಟ್ ಇಲ್ಲದ ಶೇ. 5 ದರ ಬಂದಿರುವುದರಿಂದ, ಕೊಠಡಿಗಳ ನವೀಕರಣಕ್ಕೆ ಇಳಿಯುವವರು ಆ ಖರ್ಚಿನ ತೆರಿಗೆಯನ್ನೂ ಬಂಡವಾಳದಲ್ಲಿಯೇ ಸೇರಿಸಬೇಕು.

ಪರ್ಮಿಟ್ ರೂಮ್, ಅಂದರೆ ಮದ್ಯ ಕೊಡುವ ಪರವಾನಗಿ ಇರುವ ಬಾರ್, ನಡೆಸುವವರ ಕಥೆ ಬೇರೆ. ಮದ್ಯ ಜಿಎಸ್‌ಟಿಯ ಹೊರಗಿದೆ. ಮಹಾರಾಷ್ಟ್ರದಲ್ಲಿ ಬಾರಿನಲ್ಲಿ ಕುಳಿತು ಕುಡಿಯುವ ಮದ್ಯದ ವ್ಯಾಟ್ (ರಾಜ್ಯದ ಮಾರಾಟ ತೆರಿಗೆ) 2023ರ ನವೆಂಬರ್ 1ರಂದು ಶೇ. 5ರಿಂದ 10ಕ್ಕೆ ಏರಿತು. 2025ರಲ್ಲಿ ಲೈಸನ್ಸ್ ಶುಲ್ಕವೂ ಅಬಕಾರಿ ಸುಂಕವೂ ಏರಿದಾಗ, ನಮ್ಮ ಕರ್ನಾಟಕದವರೇ ಹೆಚ್ಚಾಗಿರುವ ಹೊಟೇಲು ಮಾಲಕರ ಆಹಾರ್ ಸಂಘಟನೆ ಜುಲೈ 14ರಂದು ಬಾರುಗಳ ಬಂದ್‌ಗೆ ಕರೆ ಕೊಟ್ಟಿತು. ರಾಜ್ಯ ಬಜೆಟ್ ಮಾರ್ಚಿನಲ್ಲಿ ಬಂದರೂ ಈ ಬಗೆಯ ಏರಿಕೆಗಳು ಬಜೆಟ್ಟಿಗಾಗಿ ಕಾಯುವುದಿಲ್ಲ ಎಂಬುದನ್ನು ನೆನಪಿಟ್ಟು, ಪ್ರತಿ ವರ್ಷ ಲೈಸನ್ಸ್ ನವೀಕರಣದ ಹಣವನ್ನು ತಿಂಗಳು ತಿಂಗಳು ಬೇರೆ ಖಾತೆಯಲ್ಲಿ ತೆಗೆದಿಡುವುದು ಅಗತ್ಯ.

ಸ್ವಿಗ್ಗಿ, ಜೊಮ್ಯಾಟೊ ಆರ್ಡರುಗಳ ಜಿಎಸ್‌ಟಿಯನ್ನು 2022ರ ಜನವರಿ 1ರಿಂದ ಆ ಕಂಪೆನಿಗಳೇ ಕಟ್ಟುತ್ತವೆ. ಅದನ್ನು ನಾವು ಮತ್ತೊಮ್ಮೆ ಕಟ್ಟಬಾರದು. ಆದರೆ ಅವರ ಕಮಿಷನ್ ಮೇಲಿನ ಶೇ. 18 ನಮ್ಮದೇ ಖರ್ಚು.

ಆದಾಯ ತೆರಿಗೆಯಲ್ಲಿ ನಗದಿನ ಕಡೆ ಗಮನವಿರಲಿ. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ಮೊತ್ತ ಖರ್ಚೆಂದು ಒಪ್ಪಿಗೆಯಾಗುವುದಿಲ್ಲ. ತರಕಾರಿ, ಕಿರಾಣಿ ಸಗಟು ವ್ಯಾಪಾರಿಗಳಿಗೆ ಬ್ಯಾಂಕಿನ ಮೂಲಕವೇ ಕೊಡುವುದು ಕ್ಷೇಮ. ಬಾಡಿಗೆಯ ಟಿಡಿಎಸ್ ಮಿತಿಯನ್ನು 2025ರ ಬಜೆಟ್ ತಿಂಗಳಿಗೆ 50,000 ರೂಪಾಯಿಗೆ ಏರಿಸಿದೆ.

ಇಷ್ಟನ್ನೂ ಕೂಡಿಸಿ ನೋಡಿದ ಮೇಲೆಯೇ ಹೊಸ ದರಪಟ್ಟಿ ಅಚ್ಚಿಗೆ ಹೋಗಲಿ. ಖರೀದಿ ಬಿಲ್ಲುಗಳಲ್ಲಿನ ತೆರಿಗೆಯ ಮೊತ್ತ ತಿಂಗಳ ವ್ಯಾಪಾರದ ಶೇಕಡಾ ಎಷ್ಟು ಏರಿದೆಯೋ ಅಷ್ಟನ್ನು ಎಲ್ಲ ತಿನಿಸುಗಳ ಮೇಲೆ ಸಮನಾಗಿ ಹಂಚಬೇಡಿ. ದಿನವೂ ಬರುವ ಗಿರಾಕಿಯ ಇಡ್ಲಿ, ಚಹಾಗಳ ಬೆಲೆಯನ್ನು ಹಾಗೆಯೇ ಬಿಟ್ಟು, ಪನೀರು-ಬೆಣ್ಣೆಯ ತಿನಿಸುಗಳಲ್ಲಿ ಮತ್ತು ಎಸಿ ಕೋಣೆಯ ದರದಲ್ಲಿ ಅದನ್ನು ಸರಿದೂಗಿಸಿರಿ.