ಬಿ6 ಕೊರತೆಯನ್ನು ಮೂತ್ರದ ಹಸಿರಿನಲ್ಲಿ ಗುರುತಿಸುವ ಬಗೆ

ಬಿ6 ಜೀವಸತ್ವ ಕಡಿಮೆಯಾದ ಇಲಿಗೆ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವನ್ನು ಉಣಿಸಿ, ಅದರ ಮೂತ್ರಕ್ಕೆ ಫೆರಿಕ್ ಲವಣ (ಕಬ್ಬಿಣದ ಒಂದು ಲವಣ) ಬೆರೆಸಿದರೆ ಹಸಿರು ಬಣ್ಣ ಕಟ್ಟುತ್ತದೆ. ಇದಕ್ಕೆ ಕ್ಸಾಂಥುರೆನಿಕ್ ಆಮ್ಲ ಕಾರಣವೆಂದು 1943ರಲ್ಲಿ ಲೆಪ್ಕೊವ್‌ಸ್ಕಿ ಮತ್ತು ಸಂಗಡಿಗರು ತೋರಿಸಿದರು. ಟ್ರಿಪ್ಟೊಫಾನ್ ಒಡೆಯುವ ಹಾದಿಯಲ್ಲಿರುವ ಕೈನುರೆನಿನೇಸ್ ಕಿಣ್ವಕ್ಕೆ ಬಿ6ರ ಸಕ್ರಿಯ ರೂಪ ಬೇಕೇ ಬೇಕು. ಅದು ಸಾಲದಾದಾಗ ಆ ಹಾದಿಯ ನಡುವೆ ಹುಟ್ಟುವ 3-ಹೈಡ್ರಾಕ್ಸಿಕೈನುರೆನಿನ್ ಎಂಬ ವಸ್ತು ಮುಂದೆ ಸಾಗದೆ, ಪಕ್ಕದ ದಾರಿ ಹಿಡಿದು ಕ್ಸಾಂಥುರೆನಿಕ್ ಆಮ್ಲವಾಗಿ ಹೊರಬೀಳುತ್ತದೆ.

ಮೊದಲು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಪಡೆಯಿರಿ.

ಆಹಾರವನ್ನು ಜೀವಸತ್ವರಹಿತ ಕೇಸಿನ್ (ಹಾಲಿನ ಪ್ರೋಟೀನು), ಸಕ್ಕರೆ, ಎಣ್ಣೆ, ಲವಣಮಿಶ್ರಣ ಮತ್ತು ಬಿ6 ಒಂದನ್ನುಳಿದು ಬೇರೆಲ್ಲ ಜೀವಸತ್ವಗಳಿಂದ ತಯಾರಿಸಬೇಕು. ಅಗ್ಗವೆಂದು ಸಾಮಾನ್ಯ ಕೇಸಿನ್ ತರಬೇಡಿ. ಅದರಲ್ಲಿ ಉಳಿದಿರುವ ಜೀವಸತ್ವವೇ ಪ್ರಯೋಗವನ್ನು ಕೆಡಿಸುತ್ತದೆ.

ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳು ಎಡವುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಮುಂದಿನ ಹಂತದಲ್ಲಿ. ಕೊರತೆಯಾದ ಇಲಿಗೆ ಹಸಿವು ಕುಗ್ಗುತ್ತದೆ. ಹೊಟ್ಟೆತುಂಬ ತಿಂದ ಇಲಿಯೊಡನೆ ಅದನ್ನು ಹೋಲಿಸಿದರೆ, ಕಂಡ ವ್ಯತ್ಯಾಸ ಜೀವಸತ್ವದ್ದೋ ಉಪವಾಸದ್ದೋ ಹೇಳಲಾಗದು. ಆದ್ದರಿಂದ ಪ್ರತಿ ಇಲಿಗೂ ಒಂದು ಜೋಡಿಯನ್ನು ಗೊತ್ತುಮಾಡಿ, ಕೊರತೆಯ ಇಲಿ ಇಂದು ತಿಂದಷ್ಟನ್ನೇ, ಬಿ6 ಸೇರಿಸಿ, ನಾಳೆ ಜೋಡಿಗೆ ಕೊಡಿ. ಬಟ್ಟಲಿಗೆ 12 ಗ್ರಾಂ ಹಾಕಿ 3 ಗ್ರಾಂ ಉಳಿಯಿತೆಂದರೆ ಇಲಿ 9 ಗ್ರಾಂ ತಿಂದಿತೆಂದು ಬರೆದುಬಿಡುವವರೇ ಹೆಚ್ಚು. ಜಾಲರಿಯ ಕೆಳಗೆ ಬಿದ್ದ 1 ಗ್ರಾಂ ಪುಡಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆ ಪುಡಿ ಮೂತ್ರದಿಂದಲೂ, ಜಡಿಮಳೆಯ ದಿನಗಳಲ್ಲಿ ಗಾಳಿಯಿಂದಲೂ ತೇವ ಹೀರುವುದರಿಂದ, ಒಣಗಿಸಿಯೇ ತೂಗಬೇಕು. ಪಂಜರಕ್ಕೆ ತಂತಿಜಾಲರಿಯ ತಳವೇ ಇರಲಿ: ಇಲಿ ತನ್ನ ಹಿಕ್ಕೆಯನ್ನು ತಾನೇ ತಿನ್ನುವ ಪ್ರಾಣಿ, ಕರುಳಿನ ಬ್ಯಾಕ್ಟೀರಿಯಾ ತಯಾರಿಸಿದ ಜೀವಸತ್ವ ಆ ಮೂಲಕ ಹೊಟ್ಟೆಗೆ ಮರಳುತ್ತದೆ. ಜಾಲರಿ ಇದನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ.

ಕೆಲವು ವಾರಗಳ ನಂತರ ಟ್ರಿಪ್ಟೊಫಾನ್ ಕೊಟ್ಟು, 24 ಗಂಟೆಗಳ ಮೂತ್ರವನ್ನು ಕಂದು ಗಾಜಿನ ಸೀಸೆಯಲ್ಲಿ ತಂಪಾಗಿ ಸಂಗ್ರಹಿಸಿ. ತುಕ್ಕು ಹಿಡಿದ ತಟ್ಟೆ ಬೇಡ. ಅದರ ಕಬ್ಬಿಣಕ್ಕೇ ಮೂತ್ರ ಹಸಿರಾದೀತು.

ಸೋಸಿದ ಮೂತ್ರಕ್ಕೆ ಫೆರಿಕ್ ಅಮೋನಿಯಂ ಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ, ಜೋಡಿ ಇಲಿಯ ಮೂತ್ರದ ಪಕ್ಕದಲ್ಲಿಟ್ಟು ನೋಡಿ. ಬಣ್ಣವೊಂದನ್ನೇ ನಂಬಿ ತೀರ್ಪು ಕೊಡಬೇಡಿ, ಏಕೆಂದರೆ ಒತ್ತಡದ ಹಾರ್ಮೋನುಗಳೂ ಟ್ರಿಪ್ಟೊಫಾನ್ ಒಡೆಯುವ ಮೊದಲ ಕಿಣ್ವವನ್ನು ಹೆಚ್ಚಿಸಿ, ಕ್ಸಾಂಥುರೆನಿಕ್ ಆಮ್ಲವನ್ನು ಏರಿಸಬಲ್ಲವು. ಅದೇ ಇಲಿಗೆ ಕೆಲವು ದಿನ ಪಿರಿಡಾಕ್ಸಿನ್ (ಬಿ6ರ ಒಂದು ರೂಪ) ಕೊಟ್ಟು ಪರೀಕ್ಷೆಯನ್ನು ಮತ್ತೆ ಮಾಡಿ. ಆಗ ಹಸಿರು ಮಾಯವಾದರೆ ಕೊರತೆ ಬಿ6ದೇ.